ಬಡವರ ತಟ್ಟೆಯಲ್ಲಿ ಅನ್ನ ಉಂಟು, ಪೌಷ್ಟಿಕಾಂಶ ಎಲ್ಲಿ?

ಹೊಟ್ಟೆ ತುಂಬುವುದು ಬೇರೆ, ದೇಹಕ್ಕೆ ಬೇಕಾದ್ದು ಸಿಗುವುದು ಬೇರೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆ.ಜಿ., ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ 5 ಕೆ.ಜಿ. ಧಾನ್ಯ ಸಿಗಬೇಕು. ಕಾಸರಗೋಡಿನಲ್ಲಿ ಇವೇ ಹಳದಿ, ಗುಲಾಬಿ ಕಾರ್ಡುಗಳು. ಆದರೆ ಈ ಕಾರ್ಡುಗಳಿಗೆ ಕಾಯ್ದೆಯಂತೆ ಸಿಗುವುದು ಧಾನ್ಯ ಮಾತ್ರ. ಬೇಳೆ, ತರಕಾರಿ, ಮೊಟ್ಟೆಗೆ ಕೈಯಿಂದಲೇ ದುಡ್ಡು ಹಾಕಬೇಕು.

ನಮ್ಮ ಕರಾವಳಿಯಲ್ಲಿ ಈ ಕೊರತೆ ನೀಗಿಸುವುದು ಬೂತಾಯಿ. ಮಳೆಗಾಲದಲ್ಲಿ ಕೇರಳದಲ್ಲಿ 52 ದಿನ ಟ್ರಾಲಿಂಗ್ ನಿಷೇಧ. ಮೀನಿಗೆ ರೇಟು ಏರುತ್ತದೆ, ಅದೇ ಹೊತ್ತಿಗೆ ಕೂಲಿ ಕೆಲಸವೂ ಕಮ್ಮಿ. ಉಳಿಯುವುದು ಗಂಜಿ, ಉಪ್ಪಿನಕಾಯಿ. ಎಲ್ಲರೂ ಉಂಡ ಮೇಲೆ ಕೂರುವ ತಾಯಿಗೆ ಅದೂ ಅರ್ಧ. ರಕ್ತಹೀನತೆ ಶುರುವಾಗುವುದೇ ಹೀಗೆ.

ಕಮ್ಮಿ ಖರ್ಚಿನ ದಾರಿಗಳೂ ಇವೆ. ಗಂಜಿಗೆ ಒಂದು ಹಿಡಿ ಹೆಸರುಕಾಳು ಅಥವಾ ಹುರುಳಿ ಸೇರಿಸಿ. ಮಳೆಗೆ ಹಿತ್ತಿಲಲ್ಲಿ ತಾನಾಗಿ ಚಿಗುರುವ ತಜಂಕ್ ಬಿಡಬೇಡಿ. ಸೊಪ್ಪಿಗೆ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆಗೇ ಚಹಾ ಬೇಡ. ಗರ್ಭಿಣಿ, ಬಾಣಂತಿ ಮತ್ತು 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಉಚಿತ ಆಹಾರ ಕಾನೂನುಬದ್ಧ ಹಕ್ಕು. ಅದನ್ನು ಕೇಳಿ ಪಡೆಯಲು ನಾಚಿಕೆ ಯಾಕೆ?

ಕಿಟ್ ಹಂಚುವ ಯುವಕರೇ, ಅಕ್ಕಿ ಹೇಗೂ ರೇಷನ್‌ನಲ್ಲಿ ಸಿಗುತ್ತದೆ. ಈ ಸಲ ಕಾಳು, ಮೊಟ್ಟೆ ಕೊಡಿ.