ಕಂಪ್ಯೂಟರಿನ ಜಾವಕ ಗಮನಿಸಿ



ಕಳೆದ ವರ್ಷ ನಮ್ಮ ಸಂಘದ ಕಂಪ್ಯೂಟರಿನಲ್ಲಿ ಇಂಟರ್ನೆಟ್ಟಿನ ತಿಂಗಳ ಡೇಟಾ 12ನೇ ತಾರೀಖಿಗೇ ಮುಗಿಯತೊಡಗಿತು. ಕಛೇರಿ ತೆರೆಯುವುದೇ ದಿನಕ್ಕೆ ಎರಡು ಗಂಟೆ. ಬಿಲ್ಲಿನಲ್ಲೇ ತಪ್ಪಿದೆಯೆಂದು ಫೋನಿನಲ್ಲಿ ಜಗಳವಾಡಿದೆ. ತಪ್ಪು ನಮ್ಮದೇ ಆಗಿತ್ತು. ಯಾರೋ ಪೆನ್‌ಡ್ರೈವಿನಲ್ಲಿ ತಂದು ಹಾಕಿದ್ದ ಕಳ್ಳಪ್ರತಿಯ ಡಿಟಿಪಿ ಸಾಫ್ಟ್‌ವೇರಿನ ಜೊತೆ ಬಂದ ಪ್ರೋಗ್ರಾಂ ಒಂದು, ನಮಗೆ ಗೊತ್ತಿಲ್ಲದೆ ಹಗಲು ರಾತ್ರಿ ಮೇಲ್ ಕಳಿಸುತ್ತಿತ್ತು. ಅದೇ ಕಂಪ್ಯೂಟರಿನಲ್ಲಿ ವಿದ್ಯಾರ್ಥಿವೇತನದ 23 ಮಕ್ಕಳ ಬ್ಯಾಂಕ್ ಖಾತೆಯ ವಿವರಗಳಿದ್ದವು. ಅವು ಹೊರಗೆ ಹೋದವೋ ಇಲ್ಲವೋ ಇಂದಿಗೂ ಹೇಳಲಾರೆ. ಆ ಮನೆಗಳಿಗೆಲ್ಲ ಹೋಗಿ ವಿಷಯ ತಿಳಿಸಿ ಬಂದೆ. ಅದಾದ ಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸರ್ಕಾರಿ ಕಛೇರಿಯಲ್ಲಿ ಆವಕ, ಜಾವಕ ಎಂದು ಎರಡು ವಹಿಗಳಿರುತ್ತವೆ. ಕಂಪ್ಯೂಟರಿಗೂ ಹಾಗೆಯೇ. ಮನೆಯಲ್ಲಿ ನಾವು ಹೆಚ್ಚಾಗಿ ನೋಡುವುದು, ಓದುವುದು. ಆದ್ದರಿಂದ ಆವಕ ದೊಡ್ಡದು, ಜಾವಕ ಚಿಕ್ಕದು. ಯಾರೂ ಏನೂ ಕಳಿಸದಿದ್ದರೂ ಜಾವಕ ಬೆಳೆಯುತ್ತಿದ್ದರೆ ಅನುಮಾನ ಪಡಬೇಕು.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ಡೇಟಾ ಯೂಸೇಜ್ ಎಂಬಲ್ಲಿ ಯಾವ ಪ್ರೋಗ್ರಾಂ ಎಷ್ಟು ಡೇಟಾ ಬಳಸಿದೆ ಎಂದು ಕಾಣುತ್ತದೆ. ಇನ್ನೂ ವಿವರ ಬೇಕಿದ್ದರೆ ಸ್ಟಾರ್ಟ್ ಮೆನುವಿನಲ್ಲಿ ರಿಸೋರ್ಸ್ ಮಾನಿಟರ್ ಹುಡುಕಿ, ಅದರ ನೆಟ್‌ವರ್ಕ್ ಪುಟ ತೆರೆಯಿರಿ. ಬ್ರೌಸರ್ ಎಲ್ಲ ಮುಚ್ಚಿ ಹತ್ತು ನಿಮಿಷ ಸುಮ್ಮನೆ ನೋಡಿ. ಹೆಸರು ಗೊತ್ತಿಲ್ಲದ ಪ್ರೋಗ್ರಾಂ 'ಸೆಂಡ್' ಕಾಲಮಿನಲ್ಲಿ ಮೇಲೆ ನಿಂತಿದ್ದರೆ ಬರೆದಿಟ್ಟುಕೊಳ್ಳಿ. ಒಂದೇ ವಿಳಾಸಕ್ಕೆ ಗಡಿಯಾರದ ಲೆಕ್ಕದಲ್ಲಿ, ಐದೈದು ನಿಮಿಷಕ್ಕೊಮ್ಮೆ ಸಣ್ಣ ಸಂದೇಶ ಹೋಗುತ್ತಿದ್ದರೂ ಗಮನಿಸಿ. ಸೋಂಕಿತ ಯಂತ್ರಗಳು ಮಾಲೀಕನಿಗೆ ಹೀಗೇ ಹಾಜರಿ ಕೊಡುತ್ತವೆ. ನಮ್ಮ ಕಂಪ್ಯೂಟರಿನಲ್ಲಿ ಕಂಡದ್ದು 25ನೇ ಪೋರ್ಟಿಗೆ ಸಾಲುಸಾಲು ಸಂಪರ್ಕ. ಅದು ಮೇಲ್ ಸರ್ವರ್‌ಗಳು ತಮ್ಮೊಳಗೆ ಬಳಸುವ ದಾರಿ. ಮನೆಯ ಮೇಲ್ ಪ್ರೋಗ್ರಾಂ ಸಾಮಾನ್ಯವಾಗಿ 587 ಅಥವಾ 465ರಲ್ಲಿ ಕಳಿಸುತ್ತದೆ.

ಹಾಗೆಂದು ಕಂಡದ್ದಕ್ಕೆಲ್ಲ ಹೆದರಬೇಡಿ. ಫೋಟೋಗಳು ಒನ್‌ಡ್ರೈವ್‌ಗೆ ಏರುವಾಗಲೂ ಜಾವಕ ಹೆಚ್ಚುತ್ತದೆ. ವಿಂಡೋಸ್ ತಾನು ಪಡೆದ ಅಪ್‌ಡೇಟನ್ನು ಬೇರೆ ಕಂಪ್ಯೂಟರುಗಳಿಗೂ ಹಂಚುವುದುಂಟು.

ಮೋಡೆಮ್ ಕೂಡ ಒಂದು ಕಂಪ್ಯೂಟರೇ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡಿಗೆ ಮಾಲ್‌ವೇರ್ ದಾಳಿಯಾಯಿತು. ಸಿಕ್ಕಿಬಿದ್ದದ್ದು ಕಾರ್ಖಾನೆಯಿಂದ ಬಂದ 'ಅಡ್ಮಿನ್' ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು. ನಮ್ಮ ಕಛೇರಿಯದೂ ಮೊನ್ನೆ ಮೊನ್ನೆಯವರೆಗೆ 'ಅಡ್ಮಿನ್' ಆಗಿಯೇ ಇತ್ತೆಂದು ನಾಚಿಕೆಯಿಂದ ಹೇಳುತ್ತೇನೆ.

ಕೆಲವೊಮ್ಮೆ ಮನೆಯವರಿಗೆ ಕಾಣದ್ದು ಹೊರಗಿನವರಿಗೆ ಕಾಣುತ್ತದೆ. 2019ರಲ್ಲಿ ನಮ್ಮದೇ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಆಡಳಿತ ವಿಭಾಗದ ಕಂಪ್ಯೂಟರೊಂದರಲ್ಲಿ ಮಾಲ್‌ವೇರ್ ಇದ್ದದ್ದನ್ನು ಸೆಪ್ಟೆಂಬರ್ 4ರಂದು ತಿಳಿಸಿದ್ದು ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆ. ಸ್ಥಾವರ ನಡೆಸುವ ಜಾಲ ಬೇರೆಯಾಗಿದ್ದರಿಂದ ಅದಕ್ಕೆ ತೊಂದರೆಯಾಗಲಿಲ್ಲವೆಂದು ಅಣುವಿದ್ಯುತ್ ನಿಗಮ ಹೇಳಿತು. ಆದರೆ 'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಎನಿಡೆಸ್ಕ್ ಹಾಕಿಕೊಳ್ಳಿ' ಎಂದು ಫೋನ್ ಮಾಡುವವರು ಮೋಸಗಾರರೇ. ಫೋನ್ ಇಟ್ಟುಬಿಡಿ.

ಅನುಮಾನ ಬಂದರೆ ಮೊದಲು ನೆಟ್ ವೈರು ಕೀಳಿ, ವೈಫೈ ಆರಿಸಿ. ಬ್ಯಾಂಕಿನ ಮತ್ತು ಮೇಲಿನ ಪಾಸ್‌ವರ್ಡುಗಳನ್ನು ಬೇರೆ ಯಂತ್ರದಿಂದ ಬದಲಿಸಿ. ಸೋಂಕಿತ ಯಂತ್ರದಲ್ಲೇ ಬದಲಿಸಿದರೆ ಹೊಸದೂ ಅವರ ಕೈಗೆ ಹೋಗುತ್ತದೆ. ಆಮೇಲೆ ಮೈಕ್ರೋಸಾಫ್ಟ್ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಶುದ್ಧೀಕರಣ ಸಾಧನಗಳನ್ನು ಕೊಡುತ್ತಿದೆ. ಅಷ್ಟಕ್ಕೂ ಹೋಗದಿದ್ದರೆ ಕಡತಗಳನ್ನು ಮಾತ್ರ ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿ. ನಾವು ಮಾಡಿದ್ದು ಅದನ್ನೇ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಮುಂದೆ ಸಂಘದ ಕಂಪ್ಯೂಟರಿಗೆ ಸದಸ್ಯರ ಪೆನ್‌ಡ್ರೈವ್ ಹಾಕುವುದಿಲ್ಲ; ರಾಜ್ಯೋತ್ಸವದ ಲೇಖನಗಳನ್ನು ದಯವಿಟ್ಟು ಮೇಲ್ ಮಾಡಿ. ಕನ್ನಡ ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಉಚಿತವಾಗಿಯೇ ಸಿಗುವಾಗ ಕಳ್ಳಪ್ರತಿ ತರುವ ಅಗತ್ಯವೂ ಇಲ್ಲ.

– ಕಾರ್ಯದರ್ಶಿ, ಕೆಲಮಂಗಲ