ಉಕ್ಕಿನ ಹಣ, ಹೇಗಿನ ಶಾಂತಿಭವನ ಮತ್ತು ಬೆನಗಲ್ ನರಸಿಂಗ ರಾವ್

ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್ (1887-1953) ಅವರನ್ನು ಕನ್ನಡಿಗರು ಬಹುಮಟ್ಟಿಗೆ ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದೇ ಬಲ್ಲರು. ಅವರ ಬದುಕಿನ ಕೊನೆಯ ಅಧ್ಯಾಯ ಹಾಲೆಂಡಿನ ಹೇಗ್ ನಗರಕ್ಕೆ ಸೇರಿದ್ದು. 1952ರಲ್ಲಿ ಅವರು ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. ಆ ನ್ಯಾಯಾಲಯಕ್ಕೆ ನೆಲೆಯಾದ ಶಾಂತಿಭವನ ಮುಖ್ಯವಾಗಿ ಒಬ್ಬ ಉಕ್ಕಿನ ಉದ್ಯಮಿಯ ದಾನದಿಂದ ಎದ್ದುದು.

ಆಂಡ್ರ್ಯೂ ಕಾರ್ನೆಗಿ 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಕೈಮಗ್ಗದ ನೇಕಾರನ ಮಗನಾಗಿ ಹುಟ್ಟಿದನು. ಉಗಿಯಂತ್ರದ ಮಗ್ಗಗಳು ತಂದೆಯ ಕಸುಬನ್ನು ಕಸಿದುಕೊಂಡಾಗ, 1848ರಲ್ಲಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಹತ್ತಿಗಿರಣಿಯ ಬಾಲಕಾರ್ಮಿಕನಾಗಿ ದುಡಿಮೆ ಆರಂಭಿಸಿದ ಆತ, 1901ರಲ್ಲಿ ತನ್ನ ಉಕ್ಕಿನ ಕಂಪೆನಿಯನ್ನು 48 ಕೋಟಿ ಡಾಲರಿಗೆ ಮಾರಿದನು. ಅನಂತರದ ಬದುಕೆಲ್ಲ ಕೊಡುವುದರಲ್ಲೇ ಕಳೆಯಿತು. 1903ರಲ್ಲಿ ಹೇಗಿನ ಭವನ ಹಾಗೂ ಅದರ ಗ್ರಂಥಾಲಯಕ್ಕೆ 15 ಲಕ್ಷ ಡಾಲರ್, 1910ರಲ್ಲಿ ಅಂತರರಾಷ್ಟ್ರೀಯ ಶಾಂತಿಯ ದತ್ತಿಗೆ ಒಂದು ಕೋಟಿ ಡಾಲರ್. ಯುದ್ಧವು ಭೂಮಿಯಿಂದ ತೊಲಗಿದ ಮೇಲೆ, ಉಳಿದ ಕೆಡುಕುಗಳಲ್ಲಿ ಯಾವುದು ಅತಿ ಹೀನವೋ ಅದರ ನಿರ್ಮೂಲನಕ್ಕೆ ಈ ಹಣವನ್ನು ತಿರುಗಿಸಬೇಕೆಂದು ಆತ ಧರ್ಮದರ್ಶಿಗಳಿಗೆ ಸೂಚಿಸಿದ್ದನು. ಎಂಥ ಮುಗ್ಧ ಭರವಸೆ!

ಇದೇ ಕಾರ್ನೆಗಿಯ ಕಾರ್ಖಾನೆಗಳು ಅಮೆರಿಕದ ಯುದ್ಧನೌಕೆಗಳಿಗೆ ಕವಚದ ತಗಡುಗಳನ್ನು ಒದಗಿಸಿದ್ದವು. 1892ರಲ್ಲಿ ಹೋಮ್‌ಸ್ಟೆಡ್ ಕಾರ್ಖಾನೆಯ ಕಾರ್ಮಿಕರಿಗೂ ಕಂಪೆನಿ ಕರೆಸಿದ ಸಶಸ್ತ್ರ ಕಾವಲುಗಾರರಿಗೂ ನಡೆದ ಕಾಳಗದಲ್ಲಿ ಹೆಣಗಳು ಬಿದ್ದವು. ಮಾಲೀಕ ಆಗ ಸ್ಕಾಟ್ಲೆಂಡಿನಲ್ಲಿದ್ದನು. ಆದುದರಿಂದ ಆತನ ಶಾಂತಿದಾನವನ್ನು ಪ್ರಾಯಶ್ಚಿತ್ತವೆಂದು ವಿವರಿಸುವ ರೂಢಿಯುಂಟು. ಕಾಲಾನುಕ್ರಮ ಈ ವಾದವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ರಾಷ್ಟ್ರಗಳ ವ್ಯಾಜ್ಯಗಳನ್ನು ಪಂಚಾಯಿತಿಯಿಂದ ತೀರಿಸಬೇಕೆಂದು ಕೋರಿ 1887ರಲ್ಲಿ ಬಂದ ಬ್ರಿಟಿಷ್ ನಿಯೋಗವನ್ನು ಅಧ್ಯಕ್ಷ ಕ್ಲೀವ್‌ಲೆಂಡರ ಬಳಿಗೆ ಕರೆದೊಯ್ದವನು ಕಾರ್ನೆಗಿಯೇ. ಹೋಮ್‌ಸ್ಟೆಡ್ಡಿನ ರಕ್ತಕ್ಕೂ ಮೊದಲಿನ ಮಾತಿದು. ಕವಚ ಮತ್ತು ಶಾಂತಿ ಎರಡೂ ಒಂದೇ ಮನಸ್ಸಿನಲ್ಲಿ ಜೊತೆಗಿದ್ದವು ಎಂಬುದನ್ನು ಒಪ್ಪುವುದೇ ಚರಿತ್ರೆಗೆ ನ್ಯಾಯ.

ಭವನದ ಬಾಗಿಲು ತೆರೆದದ್ದು 1913ರ ಆಗಸ್ಟ್ 28ರಂದು. ಮರುವರ್ಷ ಅದೇ ತಿಂಗಳಿಗೆ ಯುರೋಪು ಹೊತ್ತಿ ಉರಿಯುತ್ತಿತ್ತು. ಆ ಮಹಾಯುದ್ಧದ ಕೊನೆಯನ್ನು ಕಂಡು 1919ರಲ್ಲಿ ಕಾರ್ನೆಗಿ ತೀರಿಕೊಂಡನು.

ನರಸಿಂಗ ರಾವ್ ಅಲ್ಲಿಗೆ ಬಂದದ್ದು ಇನ್ನೊಂದು ಯುದ್ಧದ ನೆರಳಿನಿಂದ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷತೆ ಅವರದಾಗಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ನೇಮಕವಾದ ಮೂವರಲ್ಲಿ ಅವರೂ ಒಬ್ಬರು. ಚೀನಾ ಆ ಪ್ರಯತ್ನವನ್ನು ತಿರಸ್ಕರಿಸಿತು. ಹೇಗಿನ ಪೀಠದಲ್ಲಿ ಅವರಿಗೆ ಎರಡು ವರ್ಷವೂ ಪೂರ್ತಿ ದೊರೆಯಲಿಲ್ಲ. 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ಅವರು ನಿಧನರಾದರು.