ಪ್ರಸಂಗ (ಕ್ರೈಸ್ತ ಆರಾಧನೆ)

ಪ್ರಸಂಗ ಎಂದರೆ ಕ್ರೈಸ್ತ ಆರಾಧನೆಯಲ್ಲಿ ಬೈಬಲಿನ ಭಾಗವೊಂದನ್ನು ಓದಿದ ನಂತರ ಅದರ ಅರ್ಥವನ್ನು ವಿವರಿಸಿ, ಕೇಳುಗರ ಜೀವನಕ್ಕೆ ಅನ್ವಯಿಸುವ ಉಪದೇಶ. ಕರ್ನಾಟಕದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ 'ಪ್ರಸಂಗ' ಎಂಬ ಪದ ರೂಢಿಯಲ್ಲಿದ್ದರೆ, ಕಥೋಲಿಕರು ಬಲಿಪೂಜೆಯಲ್ಲಿನ ಉಪದೇಶವನ್ನು 'ಪ್ರಬೋಧನೆ' ಎನ್ನುತ್ತಾರೆ.

ಹಿನ್ನೆಲೆ

ಗ್ರಂಥವನ್ನು ಓದಿ ವಿವರಿಸುವ ಕ್ರಮವು ಯೆಹೂದ್ಯರ ಸಭಾಮಂದಿರಗಳಿಂದ ಬಂದದ್ದು. ಹಳೆಯ ಒಡಂಬಡಿಕೆಯ ನೆಹೆಮೀಯನ ಗ್ರಂಥದ 8ನೇ ಅಧ್ಯಾಯದಲ್ಲಿ, ಎಜ್ರನು ಮರದ ವೇದಿಕೆಯ ಮೇಲೆ ನಿಂತು ಧರ್ಮಶಾಸ್ತ್ರವನ್ನು ಓದಿದ ಪ್ರಸಂಗವೂ ಜನರಿಗೆ ತಿಳಿಯುವಂತೆ ಲೇವಿಯರು ಅದನ್ನು ವಿವರಿಸಿದ ಸಂಗತಿಯೂ ಇವೆ. ಲೂಕನ ಸುವಾರ್ತೆಯ 4ನೇ ಅಧ್ಯಾಯದ ಪ್ರಕಾರ, ಯೇಸು ನಜರೇತಿನಲ್ಲಿ ಯೆಶಾಯನ ಗ್ರಂಥವನ್ನು ಓದಿದ ಬಳಿಕ ಕುಳಿತು ಉಪದೇಶಿಸಿದನು. 16ನೇ ಶತಮಾನದ ಮತಸುಧಾರಣೆಯು ಪ್ರಸಂಗವನ್ನು ಆರಾಧನೆಯ ಕೇಂದ್ರಕ್ಕೆ ತಂದಿತು. 1519ರಲ್ಲಿ ಜೂರಿಕ್ ನಗರದಲ್ಲಿ ಹುಲ್ಡ್ರಿಕ್ ಜ್ವಿಂಗ್ಲಿ ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಅನುಕ್ರಮವಾಗಿ ವಿವರಿಸಲು ಆರಂಭಿಸಿದನು.

ಕನ್ನಡದಲ್ಲಿ

ಗ್ರಂಥಾಧಾರಿತ ಪ್ರಸಂಗಕ್ಕೆ ಜನರ ಭಾಷೆಯಲ್ಲಿ ಗ್ರಂಥವಿರುವುದು ಅಗತ್ಯ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದರು. ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಬಳ್ಳಾರಿಯಲ್ಲಿ ಮುದ್ರಣವಾಯಿತು. ಮುಂದೆ ಪರಿಷ್ಕರಣಗೊಂಡ ಈ ಗ್ರಂಥವು 'ಸತ್ಯವೇದವು' ಎಂಬ ಹೆಸರಿನಿಂದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಬಳಕೆಯಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1847ರಲ್ಲಿ ಸ್ಥಳೀಯ ಉಪದೇಶಿಗಳ ತರಬೇತಿಗಾಗಿ ದೇವಜ್ಞಾನ ಶಾಲೆಯನ್ನು ಆರಂಭಿಸಿತು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಲ್ಲಿ ಸ್ಥಾಪನೆಯಾಯಿತು.

ಹಳೆಯ ಬೆಂಗಳೂರಿನ ಸಭೆಗಳು

ಬೆಂಗಳೂರಿನಲ್ಲಿ ಇಂಗ್ಲಿಷ್ ಮತ್ತು ತಮಿಳು ಆರಾಧನೆಗಳು ಮುಖ್ಯವಾಗಿ ದಂಡು ಪ್ರದೇಶದಲ್ಲಿ ಬೆಳೆದರೆ, ಕನ್ನಡ ಪ್ರಸಂಗಕ್ಕೆ ಪೇಟೆಯೂ ಅದರ ಸುತ್ತಲಿನ ಬಡಾವಣೆಗಳೂ ನೆಲೆಯಾದವು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಬೆಂಜಮಿನ್ ರೈಸ್ ಅವರ ಹೆಸರನ್ನು ಹೊತ್ತಿದೆ. 1837ರಲ್ಲಿ ಬೆಂಗಳೂರಿಗೆ ಬಂದ ಅವರು 1887ರಲ್ಲಿ ತೀರಿಕೊಳ್ಳುವವರೆಗೆ ಕನ್ನಡದಲ್ಲಿ ಸೇವೆ ಸಲ್ಲಿಸಿದರು. ಕನ್ನಡ ಬೈಬಲಿನ ಪರಿಷ್ಕರಣದಲ್ಲಿಯೂ ಪಾಲ್ಗೊಂಡರು. ಶಾಸನತಜ್ಞ ಬಿ. ಎಲ್. ರೈಸ್ ಇವರ ಮಗ. ವೆಸ್ಲಿಯನ್ ಮಿಷನ್ನಿನ ಜೋಸಾಯ ಹಡ್ಸನ್ ಅವರ ಸ್ಮರಣಾರ್ಥ 1904ರಲ್ಲಿ ಕಟ್ಟಲಾದ ಹಡ್ಸನ್ ಸ್ಮಾರಕ ಚರ್ಚಿನಲ್ಲಿಯೂ ಕನ್ನಡ ಆರಾಧನೆ ನಡೆಯುತ್ತದೆ. ಚಾಮರಾಜಪೇಟೆಯ ಸಂತ ಲೂಕರ ಚರ್ಚ್ ಕೋಟೆಯೊಳಗಿದ್ದ ಆಂಗ್ಲಿಕನ್ ಚರ್ಚಿನ ಉತ್ತರಾಧಿಕಾರಿ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ಈ ಮೂರು ಪರಂಪರೆಗಳೂ ಒಂದೇ ಸಭೆಯಲ್ಲಿ ಸೇರಿದವು.

ಆರಾಧನೆಯಲ್ಲಿ ಸ್ಥಾನ

ಸಿ.ಎಸ್.ಐ. ಸಭೆಯ ಕರ್ತನ ಭೋಜನದ ಕ್ರಮದಲ್ಲಿ ಹಳೆಯ ಒಡಂಬಡಿಕೆ, ಪತ್ರಿಕೆ ಹಾಗೂ ಸುವಾರ್ತೆಯಿಂದ ಪಾಠಗಳನ್ನು ಓದಿದ ಬಳಿಕ ಪ್ರಸಂಗವಿರುತ್ತದೆ. ರೊಟ್ಟಿ ಮುರಿಯುವ ಭಾಗ ಅದರ ನಂತರದ್ದು. ಹೀಗೆ ವಾಕ್ಯ ಮತ್ತು ಸಂಸ್ಕಾರ ಒಂದಕ್ಕೊಂದು ಪೂರಕ. ಕಥೋಲಿಕ ಸಭೆಯಲ್ಲಿ, ಎರಡನೇ ವ್ಯಾಟಿಕನ್ ಸಮ್ಮೇಳನವು 1963ರಲ್ಲಿ ಹೊರಡಿಸಿದ ಆರಾಧನಾ ಸಂವಿಧಾನವು ಭಾನುವಾರ ಹಾಗೂ ಕಡ್ಡಾಯ ಹಬ್ಬಗಳಂದು ಗಂಭೀರ ಕಾರಣವಿಲ್ಲದೆ ಪ್ರಬೋಧನೆಯನ್ನು ಬಿಡಬಾರದೆಂದು ವಿಧಿಸಿತು. ಅದೇ ಸಂವಿಧಾನವು ದೇಶಭಾಷೆಗಳ ಬಳಕೆಗೂ ದಾರಿ ತೆರೆಯಿತು. ಬೆಂಗಳೂರು ಮಹಾಧರ್ಮಪ್ರಾಂತ್ಯದಲ್ಲಿ ಪೂಜೆ ಯಾವ ಭಾಷೆಯಲ್ಲಿರಬೇಕೆಂಬುದು ನಂತರದ ದಶಕಗಳಲ್ಲಿ ವಿವಾದದ ವಿಷಯವೂ ಆಯಿತು.

ಬಗೆಗಳು

* ವ್ಯಾಖ್ಯಾನಾತ್ಮಕ ಪ್ರಸಂಗ: ಗ್ರಂಥದ ಒಂದು ಭಾಗವನ್ನು ಅದರ ಸಂದರ್ಭಸಹಿತ, ಕ್ರಮವಾಗಿ ವಿವರಿಸುವುದು.
* ವಚನಾಧಾರಿತ ಪ್ರಸಂಗ: ಒಂದೆರಡು ವಚನಗಳನ್ನು ಮಾತ್ರ ಆಧಾರವಾಗಿಟ್ಟುಕೊಳ್ಳುವುದು.
* ವಿಷಯಾಧಾರಿತ ಪ್ರಸಂಗ: ಕ್ಷಮೆ, ನ್ಯಾಯ ಮುಂತಾದ ವಿಷಯವನ್ನು ಬೈಬಲಿನ ಹಲವು ಭಾಗಗಳ ಬೆಳಕಿನಲ್ಲಿ ನೋಡುವುದು.

ಮೊದಲ ಬಗೆಯು ಓದುವಿಕೆ ಮತ್ತು ವಿವರಣೆಯನ್ನು ಜೊತೆಗೂಡಿಸುವುದರಿಂದ ಕನ್ನಡದ ಗಮಕ ಕಲೆಯ ವಾಚನ–ವ್ಯಾಖ್ಯಾನ ಪದ್ಧತಿಯನ್ನು ನೆನಪಿಸುತ್ತದೆ. ಆದರೆ ಗಮಕದಲ್ಲಿ ಕಾವ್ಯದ ರಸಾನುಭವ ಮುಖ್ಯವಾದರೆ, ಪ್ರಸಂಗದಲ್ಲಿ ಕೇಳುಗರ ನಂಬಿಕೆ ಮತ್ತು ನಡೆ ಮುಖ್ಯ.

ಮಹತ್ವ ಮತ್ತು ಚರ್ಚೆ

ಪ್ರಸಂಗವು ಗ್ರಂಥಕೇಂದ್ರಿತವಾಗಿರಬೇಕು ಎನ್ನುವವರು ಮುಖ್ಯವಾಗಿ ಮೂರು ಕಾರಣಗಳನ್ನು ನೀಡುತ್ತಾರೆ. ಗ್ರಂಥವು ಪ್ರಸಂಗಿಯ ಸ್ವಂತ ಅಭಿಪ್ರಾಯಕ್ಕೆ ಕಡಿವಾಣ ಹಾಕುತ್ತದೆ. ಎಲ್ಲರ ಕೈಯಲ್ಲಿಯೂ ಗ್ರಂಥವಿರುವುದರಿಂದ ಹೇಳಿದ್ದನ್ನು ಕೇಳುಗರೇ ಪರೀಕ್ಷಿಸಬಹುದು. ಓದು ಬಾರದವರಿಗೂ ಗ್ರಂಥದ ಪರಿಚಯವಾಗುತ್ತದೆ. ದೃಷ್ಟಾಂತ, ಹಾಸ್ಯ ಮತ್ತು ಸಮಕಾಲೀನ ಸಂಗತಿಗಳು ಅರ್ಥವನ್ನು ಬೆಳಗಿಸಬೇಕೇ ಹೊರತು ಅದರ ಜಾಗವನ್ನು ಆಕ್ರಮಿಸಬಾರದು ಎಂಬುದು ಅವರ ನಿಲುವು.

ಇದಕ್ಕೆ ಪ್ರತಿಯಾಗಿ, ಉದ್ದವಾದ ವಿವರಣೆಯು ಒಣ ಪಾಠವಾಗುತ್ತದೆ, ಆರಾಧನೆಯಲ್ಲಿ ಹಾಡು, ಪ್ರಾರ್ಥನೆ ಮತ್ತು ಸಂಸ್ಕಾರಗಳಿಗೂ ಸಮಾನ ಸ್ಥಾನವಿರಬೇಕು ಎಂಬ ಆಕ್ಷೇಪಗಳಿವೆ. ಪೋಪ್ ಫ್ರಾನ್ಸಿಸ್ 2013ರ ತಮ್ಮ ಉಪದೇಶಪತ್ರದಲ್ಲಿ ಪ್ರಬೋಧನೆ ಚಿಕ್ಕದಾಗಿರಬೇಕು, ಭಾಷಣದಂತೆ ಇರಬಾರದು ಎಂದರೂ, ಅದರ ಸಿದ್ಧತೆಗೆ ಅಧ್ಯಯನ ಮತ್ತು ಪ್ರಾರ್ಥನೆಯ ದೀರ್ಘ ಸಮಯ ಬೇಕೆಂದು ಒತ್ತಿಹೇಳಿದರು. ಪ್ರಸಂಗದ ಸತ್ವವನ್ನು ಅದರ ಉದ್ದದಿಂದ ಅಳೆಯಲಾಗದು ಎಂಬ ವಿಷಯದಲ್ಲಿ ಎರಡೂ ಪಕ್ಷಗಳು ಒಂದಾಗಬಲ್ಲವು.

ಇವನ್ನೂ ನೋಡಿ

* ಸತ್ಯವೇದವು
* ಬಾಸೆಲ್ ಮಿಷನ್
* ದಕ್ಷಿಣ ಭಾರತ ಸಭೆ
* ಗಮಕ